ಆನೆಗಳ ಎಂಡ್‌ಗೇಮ್: ನಾನು ರೂಬಿನ್‌ಸ್ಟೈನ್ ಹತ್ತಿರ ಕಲಿತದ್ದು

ಚೆಸ್ ಆಟದ ಕೊನೆಯ ಹಂತದಲ್ಲಿ, ಅಂದರೆ ಎಂಡ್‌ಗೇಮ್‌ನಲ್ಲಿ, ಆನೆ, ಕಾಲಾಳು, ರಾಜ ಇಷ್ಟೇ ಉಳಿದಾಗ ಹೇಗೆ ಆಡಬೇಕು? ಇದನ್ನು ಕಲಿಯಲು ನಾನು ಒಬ್ಬರೇ ಗ್ರ್ಯಾಂಡ್‌ಮಾಸ್ಟರ್ ಆಟಗಳನ್ನು ಹಿಡಿದೆ. ಅವರು ಅಕಿಬಾ ರೂಬಿನ್‌ಸ್ಟೈನ್. ವರ್ಷದ ಕ್ರಮದಲ್ಲೇ ಹೋದೆ.

ಮರದ ಬೋರ್ಡ್ ಮೇಲೆ ಕಾಯಿ ಜೋಡಿಸಿ, ಅವರ ನಡೆಗಳನ್ನು ಕಾಗದದಿಂದ ಮುಚ್ಚಿಡುತ್ತೇನೆ. ಎದುರಾಳಿ ಆಡಿದ ಮೇಲೆ ಅವರ ಉತ್ತರ ಏನಿರಬಹುದು ಅಂತ ಯೋಚಿಸಿ, ಕಾರಣದ ಸಮೇತ ಬರೆಯುತ್ತೇನೆ. ಆಮೇಲೆ ಕಾಗದ ಸರಿಸುತ್ತೇನೆ. ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಾಕುವುದು ಇಡೀ ಆಟ ಮುಗಿದ ಮೇಲೆ ಮಾತ್ರ. ಮೊದಲೇ ಹಾಕಿದರೆ ನಾವು ಯೋಚಿಸುವುದೇ ಇಲ್ಲ.

ಜಾಸ್ತಿ ಹೊತ್ತು ಕೂತದ್ದು 1909ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆಸ್ಟ್ರಿಯಾದ ಆಟಗಾರ ಸ್ಪೀಲ್‌ಮನ್ ವಿರುದ್ಧ ಅವರು ಆಡಿದ ಆಟದ ಮುಂದೆ. ಅವರದು ಕಪ್ಪು. ಇಬ್ಬರಿಗೂ ಒಂದೊಂದು ಆನೆ. ಬಿಳಿಯ ಎ3, ಡಿ4 (ಅಕ್ಷರ ಬೋರ್ಡಿನ ಉದ್ದ ಸಾಲು, ಅಂಕಿ ಅಡ್ಡ ಸಾಲು) ಕಾಲಾಳುಗಳು ಒಂಟಿ, ಪಕ್ಕದಲ್ಲಿ ಕಾಯುವ ಕಾಲಾಳು ಇಲ್ಲ. ರೂಬಿನ್‌ಸ್ಟೈನ್ ಆನೆಯನ್ನು ಎ8ಕ್ಕೆ ತಂದು, ಎ4ಕ್ಕೆ ಇಳಿಸುತ್ತಾರೆ. ಅಲ್ಲಿಂದ ಅದು ಎರಡನ್ನೂ ಹೊಡೆಯಲು ನಿಂತಿದೆ. ಎರಡನ್ನೂ ಕಾಯಲು ಬಿಳಿ ಆನೆ ಡಿ3ಕ್ಕೆ ಬರುತ್ತದೆ, ಬಂದು ಅಲ್ಲೇ ಸಿಕ್ಕಿಬೀಳುತ್ತದೆ. ಈಗ ಏನಾದರೂ ಹೊಡೆಯಬೇಕು ಅನ್ನಿಸುತ್ತದೆ, ಅಲ್ವಾ? ಅವರಿಗೆ ಆ ಆತುರವೇ ಇಲ್ಲ. ರಾಜನನ್ನು ಇ7, ಇ6, ಡಿ5 ಅಂತ ಒಂದೊಂದೇ ಮನೆ ನಡೆಸುತ್ತಾರೆ. ಬಿಳಿ ಆನೆ ಕದಲುವ ಹಾಗಿಲ್ಲ, ಹಾಗಾಗಿ ಅವರಿಗೆ ಬೇಕಾದಷ್ಟು ಸಮಯ ಇದೆ.

ನನ್ನ ಆಟಕ್ಕೆ ಇದೇ ಕ್ರಮ ಬಂತು. ಮೊದಲು ಆನೆ, ಆಮೇಲೆ ರಾಜ, ಕಾಲಾಳು ತಳ್ಳುವುದು ಕೊನೆಗೆ. ಗಡಿಯಾರದಲ್ಲಿ ನಡೆಗೆ 30 ಸೆಕೆಂಡ್ ಮಾತ್ರ ಸೇರುವಾಗ ಎಲ್ಲ ದಾರಿಯನ್ನೂ ಲೆಕ್ಕ ಹಾಕಲು ಆಗುವುದಿಲ್ಲ. ಆಗ ಇದು ಕೈಹಿಡಿಯುತ್ತದೆ.

ಕ್ರಮವಾಗಿ ಹೋದದ್ದರಿಂದ ಅವರ ಬದುಕೂ ಗೊತ್ತಾಯಿತು. 1909ರ ಅದೇ ಟೂರ್ನಿಯಲ್ಲಿ ವಿಶ್ವ ಚಾಂಪಿಯನ್ ಲಾಸ್ಕರ್ ಅವರನ್ನು ಸೋಲಿಸಿ, ಅವರ ಜೊತೆಗೇ ಮೊದಲ ಸ್ಥಾನ ಹಂಚಿಕೊಂಡರು. 1912ರಲ್ಲಿ ಸಾಲು ಸಾಲು ಟೂರ್ನಿ ಗೆದ್ದರು. 1914ರಲ್ಲಿ ಲಾಸ್ಕರ್ ಜೊತೆ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಆಡಬೇಕಿತ್ತು, ಮಹಾಯುದ್ಧ ಶುರುವಾಗಿ ಅದು ನಡೆಯಲೇ ಇಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅಷ್ಟಾದರೂ 1930ರ ಹ್ಯಾಂಬರ್ಗ್ ಒಲಿಂಪಿಯಾಡ್‌ನಲ್ಲಿ (ದೇಶಗಳ ತಂಡಗಳ ಚೆಸ್ ಟೂರ್ನಿ) ಪೋಲೆಂಡ್‌ನ ಮೊದಲ ಬೋರ್ಡ್‌ನಲ್ಲಿ ಕೂತು 17 ಆಟಗಳಲ್ಲಿ 15 ಅಂಕ ಗಳಿಸಿದರು. ಒಂದೂ ಸೋಲಿಲ್ಲ, ತಂಡಕ್ಕೆ ಚಿನ್ನ. 1950ರಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟ ಮೊದಲ 27 ಮಂದಿಯಲ್ಲಿ ಅವರೂ ಒಬ್ಬರು. ಆ ಹೊತ್ತಿಗೆ ಟೂರ್ನಿ ಬಿಟ್ಟು ಎಷ್ಟೋ ವರ್ಷವಾಗಿತ್ತು.

ನೀವೂ ಮಾಡುವುದಾದರೆ ಸ್ಪೀಲ್‌ಮನ್ ಆಟದಿಂದಲೇ ಶುರು ಮಾಡಿ. ಓಪನಿಂಗ್ ಬಿಟ್ಟು ನೇರ 27ನೇ ನಡೆಗೆ ಹೋಗಿ. ಆನೆ ಎ8ಕ್ಕೆ ಬರುವುದು ಅಲ್ಲೇ.