ಒಂದೂವರೆಗೂ ಐದೂವರೆಗೂ ಗಂಟು ಹಾಕಿದ ಕಥೆ

ಮೈಸೂರಿನ ನಮ್ಮ ಬಡಾವಣೆಯ ವೃಂದಗಾನ ತಂಡ ಶುರುವಾಗಿದ್ದು 2013ರಲ್ಲಿ, ಗಣಪತಿ ಪೆಂಡಾಲಿನಲ್ಲಿ. ಹನ್ನೊಂದು ಜನ, ಒಂದು ಹಾರ್ಮೋನಿಯಂ. ಈಗ ಮೂವತ್ತರ ಮೇಲಿದ್ದೇವೆ.

ಮೊದಲು ಮಾನ ಹೋಗಿದ್ದು ಒಂದು ರಾಜ್ಯೋತ್ಸವದಲ್ಲಿ. ನಾಡಗೀತೆ ಎತ್ತಿಕೊಂಡೆವು. ಅರ್ಧ ಜನ ಅನಂತಸ್ವಾಮಿಯವರ ಧಾಟಿ, ಇನ್ನರ್ಧ ಅಶ್ವತ್ಥ್ ಅವರದು! ಮನೆಯಲ್ಲೇ ಕಲಿತು ಬನ್ನಿ ಅಂದಿದ್ದೆ, ಯಾವ ಧಾಟಿ ಅಂತ ಹೇಳಿರಲಿಲ್ಲ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಗೊತ್ತುಮಾಡಿದ ಮೇಲೆ ಆ ಜಗಳ ಮುಗಿಯಿತು.

ನಿಜವಾದ ತಲೆನೋವು ಶ್ರುತಿಯದು, ಅಂದರೆ ಹಾಡಿಗೆ ಆಧಾರವಾದ ಸ್ವರದ್ದು. ಹೆಂಗಸರು ಐದೂವರೆ, ಗಂಡಸರು ಒಂದೂವರೆ; ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ, ನಡುವಿನ ಕರಿ ಮನೆಗೆ ಅರ್ಧ ಸೇರಿಸುವ ಲೆಕ್ಕ ಇದು. ಎಲ್ಲರಂತೆ ನಾನೂ ನಡುವೆ ಮೂರಕ್ಕೆ ಇಟ್ಟು ನೋಡಿದೆ. ಹೆಂಗಸರಿಗೆ ಮಂದ್ರದ ಕೆಳ ಸ್ವರ ಸಿಗಲಿಲ್ಲ, ಗಂಡಸರಿಗೆ ತಾರದ ಮೇಲಿನ ಸ್ವರದಲ್ಲಿ ಕತ್ತಿನ ನರ ಉಬ್ಬುತ್ತಿತ್ತು. ದುಡ್ಡಿನ ಕಥೆ ಬೇರೆ. ಮೈಕು, ಕೀಬೋರ್ಡು, ತಬಲಾ ಸೇರಿ ಕಾರ್ಯಕ್ರಮಕ್ಕೆ ಎಂಟೊಂಬತ್ತು ಸಾವಿರ. ಚಂದಾ ತಿಂಗಳಿಗೆ 100, ಅದೂ ಅರ್ಧ ಜನರಿಂದ. ಒಂದು ವರ್ಷ ನನ್ನ ಜೇಬಿನಿಂದಲೇ 14 ಸಾವಿರದಷ್ಟು ಹೋಯಿತು. ಮನೆಯಲ್ಲಿ ಹೇಳಿದ್ದು ಆರು.

ಶ್ರುತಿಗೆ ದಾರಿ ಆಮೇಲೆ ಹೊಳೆಯಿತು. ಪಲ್ಲವಿ ಐದೂವರೆಯಲ್ಲೇ, ಹೆಂಗಸರಿಗೆ. ಆಗ ಗಂಡಸರು ಸಾಹಿತ್ಯ ಬಿಟ್ಟು ಕೆಳಗೆ ಸ-ಪ ಹಿಡಿದು ನಿಲ್ಲಬೇಕು, ತಂಬೂರಿ ಹಾಗೆ. ಚರಣಕ್ಕೆ ಐದೂವರೆಯ ಮಧ್ಯಮವನ್ನೇ (ಮ) ಷಡ್ಜ (ಸ) ಮಾಡಿಕೊಂಡರೆ ಒಂದೂವರೆ ಬಂತಲ್ಲ, ಅದು ಗಂಡಸರ ಪಾಲು.

ನಮ್ಮ ಬೀದಿಯ ಪಿಟೀಲು ವಿದ್ವಾಂಸರು "ಇದು ನಮ್ಮ ಸಂಗೀತಕ್ಕೆ ಒಗ್ಗಲ್ಲ ಕಣ್ರೀ" ಅಂದರು. ಮದ್ರಾಸಿನಲ್ಲಿ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ 1970ರ ದಶಕದಲ್ಲೇ ತಮ್ಮ ವೃಂದಗಾನದಲ್ಲಿ ಮಾಡಿದ್ದರಲ್ಲ ಸಾರ್ ಅಂದೆ. "ಅವರು ಶ್ರೀನಿವಾಸನ್. ನೀವು ಬ್ಯಾಂಕಿನ ಗುಮಾಸ್ತರು."

ಸುಮ್ನೆ ಸ ಹಿಡಿಯೋದು ಅವಮಾನ ಅಂತ ಇಬ್ಬರು ಬಿಟ್ಟೇ ಹೋದರು. ಉಳಿದವರ ಸ ಹಾಡಿನ ನಾಲ್ಕನೇ ಸಾಲು ಬರುವಷ್ಟರಲ್ಲಿ ಜಾರಿ ಕೆಳಗೆ ಕೂತಿರುತ್ತಿತ್ತು. ಆರು ತಿಂಗಳು ಇದೇ ಗೋಳು. ಕೊನೆಗೆ ಶ್ರುತಿಪೆಟ್ಟಿಗೆಯನ್ನು ಅವರ ಬೆನ್ನ ಹಿಂದೆ ಇಟ್ಟೆ. ಪಕ್ಕಪಕ್ಕದವರು ಒಟ್ಟಿಗೆ ಉಸಿರು ತೆಗೆಯಬಾರದು ಅಂದೆ. ಅಷ್ಟಕ್ಕೇ ಸ ಜಾರೋದು ನಿಂತಿತು!

ಲಾಕ್‌ಡೌನಿನಲ್ಲಿ ವಿಡಿಯೋ ಕಾಲ್‌ನಲ್ಲಿ ಹಾಡಿಸಲು ಹೋಗಿ ಕೈ ಸುಟ್ಟುಕೊಂಡೆ. ದನಿ ತಡವಾಗಿ ತಲುಪುತ್ತೆ, ತಾಳ ಕೂಡೋದೇ ಇಲ್ಲ. ಒಬ್ಬೊಬ್ಬರೇ ಮೊಬೈಲಿನಲ್ಲಿ ಹಾಡಿ ಕಳಿಸಿದ್ದನ್ನು ಅಣ್ಣನ ಮಗ ಜೋಡಿಸಿಕೊಟ್ಟ. ಎರಡನೇ ಚರಣದಲ್ಲಿ ಸೊಪ್ಪಿನವಳ ಕೂಗು ಈಗಲೂ ಇದೆ. ಅವಳೊಬ್ಬಳೇ ಶ್ರುತಿ ಬಿಟ್ಟಿಲ್ಲ.

ಚರಣ ಮುಗಿದ ಮೇಲೆ ಹೆಂಗಸರು ಕೀಬೋರ್ಡಿನ ಆಸರೆಯಿಲ್ಲದೆ ಮತ್ತೆ ಐದೂವರೆ ಹಿಡಿಯೋದು ಹೇಗೆ? ಅದನ್ನು ಇಲ್ಲಿ ಬರೆಯಲ್ಲ. ಕಳೆದ ನವೆಂಬರ್‌ನಲ್ಲಿ ಅದೇ ವಿದ್ವಾಂಸರು ಮೂರನೇ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ ವೇದಿಕೆ ಹಿಂದೆ ಬಂದು ಮೆಲ್ಲಗೆ ಅದನ್ನೇ ಕೇಳಿದರು. "ಮೊದಲು ಕಾಫಿ ತಗೊಳ್ಳಿ ಸಾರ್" ಅಂದೆ.