ಪಾಲಿಹೌಸ್ ಹಾಕುವ ಮುಂಚೆ ಮಧ್ಯಾಹ್ನ ಒಳಗೆ ನಿಂತು ನೋಡಿ

ಹಿರಿಯೂರು ಕಡೆ ನಮ್ಮ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಸಿ ಒಳಗೆ ತರಕಾರಿ ಬೆಳೆಯುವ ಮನೆ, ನೋಡಲು ರೈತರು ಬೆಳಿಗ್ಗೆ ತಂಪು ಹೊತ್ತಲ್ಲೇ ಬರುತ್ತಾರೆ. ನಾನು ಮಧ್ಯಾಹ್ನ ಎರಡಕ್ಕೆ ಬನ್ನಿ ಅನ್ನುತ್ತೇನೆ. ಏಪ್ರಿಲ್ ಆದರೆ ಇನ್ನೂ ಒಳ್ಳೆಯದು. ಹತ್ತು ನಿಮಿಷ ಒಳಗೆ ನಿಂತರೆ ಅರ್ಧ ಪಾಠ ಮುಗಿದ ಹಾಗೆ.

ಚಳಿ ದೇಶಗಳಲ್ಲಿ ಹೀಟರ್ ಇಲ್ಲದ ಪ್ಲಾಸ್ಟಿಕ್ ಟನಲ್ ಕಟ್ಟುವುದು ಬಿಸಿಲಿನ ಕಾವು ಹಿಡಿದಿಡಲು. ಅದರಿಂದ ಅವರಿಗೆ ನಾಟಿ ಬೇಗ ಆಗುತ್ತೆ, ಕೊಯ್ಲು ಜಾಸ್ತಿ ದಿನ ಸಿಗುತ್ತೆ. ನಮಗೆ ಕಾವು ಹೊರಗೆ ಹೋಗಬೇಕು. ದಪ್ಪ ಮೆಣಸಿನಕಾಯಿ ಗಿಡ 35 ಡಿಗ್ರಿ ದಾಟಿದರೆ ಹೂ ಉದುರಿಸುತ್ತೆ. ಥರ್ಮಾಮೀಟರ್ ಬಾಗಿಲ ಹತ್ತಿರ ಬೇಡ. ನಡುವಿನ ಸಾಲಲ್ಲಿ, ಗಿಡದ ತುದಿಯ ಎತ್ತರಕ್ಕೆ, ನೇರ ಬಿಸಿಲು ಬೀಳದ ಹಾಗೆ ತೂಗುಹಾಕಿ. 30 ದಾಟುತ್ತಿದ್ದಂತೆ ಪಕ್ಕದ ಪ್ಲಾಸ್ಟಿಕ್ ಪೂರ್ತಿ ಮೇಲಕ್ಕೆ ಸುತ್ತಿ, ನೆರಳು ಪರದೆ ಎಳೆಯಿರಿ. ಬಿಸಿಲು ಇಳಿದ ಮೇಲೆ ಪರದೆ ಸರಿಸುವುದನ್ನು ಮರೆಯಬೇಡಿ. ದಿನವಿಡೀ ಎಳೆದೇ ಬಿಟ್ಟರೆ ಗಿಡ ಸುಮ್ನೆ ಉದ್ದ ಬೆಳೆಯುತ್ತೆ, ಕಾಯಿ ಕಟ್ಟಲ್ಲ.

ಗಾಳಿಯ ವಿಷಯ ನಮ್ಮವರಿಗೆ ಹೇಳಬೇಕಿಲ್ಲ, ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಇವೆಯಲ್ವಾ. ಪ್ಲಾಸ್ಟಿಕ್ ಶೀಟ್ 200 ಮೈಕ್ರಾನ್ ದಪ್ಪ ಇದ್ದರೂ ಸಡಿಲ ಬಿಟ್ಟರೆ ಆಷಾಢದ ಗಾಳಿಗೆ ಪಟಪಟ ಬಡಿದು ಹರಿಯುತ್ತೆ. ಮೇ ತಿಂಗಳಲ್ಲೇ ಶೀಟ್ ಹಿಡಿದಿಡುವ ಎಲ್ಲ ಸ್ಪ್ರಿಂಗ್ ಒತ್ತಿ ನೋಡಿ. ಪಡುವಣ ಬದುವಿಗೆ, ನೆರಳು ಬೀಳದಷ್ಟು ದೂರದಲ್ಲಿ, ಸಿಲ್ವರ್ ಓಕ್ ಸಾಲು ನೆಡಿ.

ಗಿಡದ ರಸ ಹೀರುವ ಥ್ರಿಪ್ಸ್ ಅನ್ನೋ ಸಣ್ಣ ಹುಳದ ಗುರುತು ಹಿಡಿಯುವುದನ್ನು ಕಲಿಸದೆ ನಾನು ಯಾರನ್ನೂ ವಾಪಸ್ ಕಳಿಸುವುದಿಲ್ಲ. ಅರಳಿದ ಹೂ ಕಿತ್ತು ಬಿಳಿ ಹಾಳೆಯ ಮೇಲೆ ತಟ್ಟಿ. ಮೊದಲು ಪರಾಗದ ಪುಡಿ ಬೀಳುತ್ತೆ. ಸ್ವಲ್ಪ ತಾಳಿ. ಅದರ ಮಧ್ಯೆ ಕಪ್ಪು ಅಥವಾ ಹಳದಿ ಬಣ್ಣದ, ದಾರದ ತುಣುಕಿನಂಥ ಹುಳ ಸರಸರ ಹರಿದಾಡಿದರೆ ಅದೇ ಥ್ರಿಪ್ಸ್. ಎಲೆಯನ್ನೂ ನೋಡಿ. ಅಂಚು ಮೇಲಕ್ಕೆ ಮುದುರಿದ್ದರೆ ಥ್ರಿಪ್ಸ್, ಕೆಳಕ್ಕೆ ಮುದುರಿದ್ದರೆ ನುಸಿ. ಎರಡಕ್ಕೂ ಔಷಧಿ ಬೇರೆ. ಇದು ಗೊತ್ತಿಲ್ಲದೆ ಅಂಗಡಿಯವರು ಕೊಟ್ಟಿದ್ದನ್ನೆಲ್ಲ ಹೊಡೆದು ದುಡ್ಡು ಕಳೆದುಕೊಳ್ಳುವವರನ್ನು ನೋಡಿದರೆ ಸಂಕಟ ಆಗುತ್ತೆ. ಪಕ್ಕಕ್ಕೆ ಕಟ್ಟುವ 40 ಮೆಶ್ (ಇಂಚಿಗೆ 40 ಕಣ್ಣಿನ) ಬಲೆ ಪತಂಗ ತಡೆಯುತ್ತೆ, ಥ್ರಿಪ್ಸ್ ತೂರಿ ಬರುತ್ತೆ. ಅದಕ್ಕೇ ನೀಲಿ ಅಂಟು ಹಾಳೆ ಬೇಕು, ಎರಡು ಬಾಗಿಲೂ ಬೇಕು. ಒಂದು ಮುಚ್ಚಿದ ಮೇಲೆ ಇನ್ನೊಂದು ತೆಗೆಯಿರಿ.

ಸವತೆ ಹಾಕುವವರು ಪರಾಗಸ್ಪರ್ಶ ಇಲ್ಲದೆ ಕಾಯಿ ಕಟ್ಟುವ ತಳಿಯನ್ನೇ ತನ್ನಿ. ಬಲೆಯೊಳಗೆ ಜೇನು ಬರಲ್ಲ.

ಕೊನೆಗೆ ನೀರು. ಒಳಗೆ ಮಳೆ ಬೀಳದ ಕಾರಣ ಬೋರ್ ನೀರಿನ, ಗೊಬ್ಬರದ ಉಪ್ಪು ಮಣ್ಣಲ್ಲೇ ಉಳಿಯುತ್ತೆ. ಮಡಿಯ ಅಂಚಲ್ಲಿ ಬಿಳಿ ಪದರ ಕಂಡರೆ ಅದೇ ಗುರುತು. ಕಟ್ಟುವ ಮುಂಚೆಯೇ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ವರದಿ ಹಿಡಿದುಕೊಂಡು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ದಾವಣಗೆರೆಯವರಾದರೆ ತರಳಬಾಳು ಕೇಂದ್ರಕ್ಕೆ. ಈ ನೀರಿಗೆ ಯಾವ ಬೆಳೆ ತಾಳುತ್ತೆ ಅಂತ ಕೇಳಿಕೊಂಡು, ಆಮೇಲೆ ಪಾಲಿಹೌಸ್ ಕಟ್ಟುವ ಪೈಪಿಗೆ ಅಡ್ವಾನ್ಸ್ ಕೊಡಿ.