15 ಲೀಟರ್ ಗೀಸರ್, ಅವ್ವನ ಜಳಕ

ಮೊಣಕಾಲು ನೋವು ಜಾಸ್ತಿಯಾದ ಮೇಲೆ ಅವ್ವನಿಗೆ ಬಗ್ಗಿ ಬಕೆಟ್‌ನಿಂದ ನೀರು ತೋಡಿಕೊಳ್ಳುವುದು ಕಷ್ಟವಾಯಿತು. ಶವರ್ ಕೆಳಗೆ ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಟ್ಟೆವು. ನಾವಿರುವುದು ರಾಯಚೂರಿನ ನಿಜಲಿಂಗಪ್ಪ ಕಾಲೋನಿ ಕಡೆ, ಮೂರಂತಸ್ತಿನ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ, ಬಾಡಿಗೆಗೆ. ಬಚ್ಚಲಲ್ಲಿ ಮಾಲೀಕರು ಹಾಕಿಸಿದ 15 ಲೀಟರ್ ಗೀಸರ್ ಇತ್ತು. ಡಿಸೆಂಬರ್‌ನ ಒಂದು ಬೆಳಿಗ್ಗೆ ಅವ್ವ ತಲೆಗೆ ಸೀಗೆಕಾಯಿ ಹಚ್ಚಿಕೊಂಡಿದ್ದಾಗಲೇ ನೀರು ತಣ್ಣಗಾಯಿತು. "ಒಂದು ತಂಬಿಗಿ ಬಿಸಿನೀರು ಕೊಡಪಾ" ಅಂತ ಒಳಗಿಂದ ಕೂಗಿದಳು. ಗ್ಯಾಸ್ ಮೇಲೆ ಕಾಯಿಸಿ ಕೊಡುವಷ್ಟರಲ್ಲಿ ನಡುಗುತ್ತಿದ್ದಳು. ನನಗೆ ತುಂಬಾ ಸಂಕಟವಾಯಿತು.

25 ಲೀಟರ್ ಗೀಸರ್ ಹಾಕಿಸಿ ಅಂತ ಮಾಲೀಕರನ್ನು ಕೇಳಿದೆ. "ಮೊದಲು ಇರೋದನ್ನ ರಿಪೇರಿ ಮಾಡಿಸಿ ನೋಡ್ರಿ, ಖರ್ಚು ಬಾಡಿಗೆಯಲ್ಲಿ ಮುರ್ಕೊಳ್ರಿ" ಅಂದರು. ಆ ಮಾತನ್ನು ವಾಟ್ಸಾಪ್‌ನಲ್ಲೂ ಬರೆಸಿಕೊಂಡೆ. ಬಾಡಿಗೆ ಮನೆಯಲ್ಲಿ ಇಂಥದ್ದು ಬರವಣಿಗೆಯಲ್ಲಿದ್ದರೆ ಇಬ್ಬರಿಗೂ ಒಳ್ಳೆಯದು ಅಲ್ವಾ?

ಗೆಳೆಯರೊಬ್ಬರು, ನೀರು ಹರಿಯುತ್ತಿದ್ದಂತೆ ಕಾಯಿಸುವ 3 ಲೀಟರ್‌ನ ಇನ್‌ಸ್ಟಂಟ್ ಗೀಸರ್ ತಗೊಳ್ಳಿ ಎಂದರು. ಲೆಕ್ಕ ಹಾಕಿದೆ. ಚಳಿಗಾಲದಲ್ಲಿ ನಮ್ಮ ಟ್ಯಾಂಕಿನ ನೀರು 23 ಡಿಗ್ರಿ ಇರುತ್ತದೆ ಅಂದುಕೊಳ್ಳಿ. ಅದನ್ನು 40 ಡಿಗ್ರಿಗೆ ಏರಿಸುತ್ತಾ ಹೋದರೆ ಅದರ 3 ಕಿಲೋವ್ಯಾಟ್ ಕಾಯಿಲ್ ನಿಮಿಷಕ್ಕೆ ಎರಡೂವರೆ ಲೀಟರ್ ಕೊಡುತ್ತದೆ, ಅಷ್ಟೇ. ಅಡುಗೆಮನೆಗೆ ಸಾಕು. ಶವರ್‌ಗೆ ಸಾಲದು.

ಆಮೇಲೆ ನಮ್ಮ ಶವರ್ ಎಷ್ಟು ನೀರು ಬಿಡುತ್ತದೆ ಅಂತ ಅಳೆದೆ. 15 ಲೀಟರ್ ಬಕೆಟ್ ಕೆಳಗಿಟ್ಟು ಮೊಬೈಲ್‌ನಲ್ಲಿ ಸಮಯ ನೋಡಿದೆ. 80 ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 11 ಲೀಟರ್! ತಾಟಿನಷ್ಟು ಅಗಲದ ಶವರ್ ಅದು. ಗೀಸರ್‌ನ 15 ಲೀಟರ್ 60 ಡಿಗ್ರಿಗೆ ಕಾದಿದ್ದರೆ, ತಣ್ಣೀರು ಬೆರೆಸಿ ಹದವಾದ ನೀರು ಹೆಚ್ಚೆಂದರೆ 32 ಲೀಟರ್ ಆಗುತ್ತದೆ. ಮೂರು ನಿಮಿಷಕ್ಕೆ ಖಾಲಿ. ತಲೆಸ್ನಾನ ಎಲ್ಲಿ ಮುಗಿಯಬೇಕು?

ನಿಮಿಷಕ್ಕೆ 6 ಲೀಟರ್ ಬಿಡುವ ಕೈಶವರ್ ತಂದೆ. ಹಳೆಯ ಶವರ್ ಬಿಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ನಾನೇ ಕೂರಿಸಿದೆ. ಹಳೆಯದನ್ನು ಎತ್ತಿಟ್ಟಿದ್ದೇನೆ, ಮನೆ ಬಿಡುವಾಗ ವಾಪಸ್ ಹಾಕಬೇಕು. ಅದೇ ನೀರು ಈಗ ಐದು ನಿಮಿಷ ಬರುತ್ತದೆ. ಕೈಯಲ್ಲಿ ಹಿಡಿಯುವುದರಿಂದ ಅವ್ವ ಕುಳಿತಲ್ಲೇ ಬೆನ್ನಿಗೆ, ಕಾಲಿಗೆ ಬಿಟ್ಟುಕೊಳ್ಳುತ್ತಾಳೆ. ಸೋಪು ಹಚ್ಚುವಾಗ ನಿಲ್ಲಿಸುತ್ತಾಳೆ.

ಆದರೆ ನೀರು ಕಾಯುವುದೇ ತಡವಾಗುತ್ತಿತ್ತು. 15 ಲೀಟರ್ ನೀರು 23ರಿಂದ 60 ಡಿಗ್ರಿಗೆ ಏರಲು ಸುಮಾರು 0.65 ಯೂನಿಟ್ ಕರೆಂಟ್ ಬೇಕು. 2 ಕಿಲೋವ್ಯಾಟ್ ಕಾಯಿಲ್‌ಗೆ ಅದು 20 ನಿಮಿಷದ ಕೆಲಸ. ನಮ್ಮದು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು, ಒಳಗೆ ಕಟಕಟ ಸದ್ದು ಬೇರೆ. ಮೆಕ್ಯಾನಿಕ್ ಬಂದು ಗೀಸರ್‌ನ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಇಳಿಸಿ, ನೀರು ಬಸಿದು, ಕೆಳಗಿನ ಪ್ಲೇಟ್ ಬಿಚ್ಚಿದರು. ಒಳಗಿಂದ ಎರಡು ಬೊಗಸೆ ಸುಣ್ಣದ ಹಕ್ಕಳೆ ಬಿತ್ತು. ನಮ್ಮಲ್ಲಿ ಬೋರ್‌ನ ಸವಳು ನೀರೇ ಟ್ಯಾಂಕಿಗೆ ಹೋಗುವುದು. ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ. ಕಾಯಿಲ್‌ನ ಶಾಖ ನೀರಿಗೆ ಸಲೀಸಾಗಿ ದಾಟುತ್ತಿರಲಿಲ್ಲ. ಕಾಯಿಲ್ ಒಳಗಡೆಯೂ ಸುಟ್ಟಿತ್ತು, ಹೊಸದೇ ಹಾಕಬೇಕಾಯಿತು. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಷಿಯಂ ರಾಡ್ ಬರೀ ತಂತಿಯಷ್ಟು ಉಳಿದಿತ್ತು, ಅದನ್ನೂ ಬದಲಿಸಿದರು. ಒಳಗೆ ಉಳಿದ ಸುಣ್ಣವನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ನೆನೆಸಿ ತೆಗೆದರು. ನಮ್ಮಂಥ ನೀರಿಗೆ ವರ್ಷಕ್ಕೊಮ್ಮೆ ಇದು ಬೇಕೇ ಬೇಕು.

ಇನ್ನೊಂದು ಸಂಗತಿ ನೋಡಿ ಎದೆ ಧಸಕ್ಕೆಂದಿತು. ಮುಂಚೆ ಇದ್ದವರು ಯಾರೋ ಸೇಫ್ಟಿ ವಾಲ್ವ್‌ನ ತೂತಿಗೆ ಎಂ-ಸೀಲ್ ಅಂಟು ತುಂಬಿದ್ದರು. ಕಾದ ನೀರು ಹಿಗ್ಗುತ್ತದೆ, ಆಗ ಅಲ್ಲಿಂದ ಹನಿ ಬೀಳುವುದು ಸಹಜ. ಅದನ್ನು ಮುಚ್ಚಿದರೆ, ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟ ದಿನ ಒತ್ತಡ ಹೊರಗೆ ಹೋಗಲು ಜಾಗವಿರದೆ ಟ್ಯಾಂಕ್ ಸಿಡಿಯಬಹುದು. ದಯವಿಟ್ಟು ನಿಮ್ಮ ಮನೆಯದನ್ನು ಒಮ್ಮೆ ನೋಡಿ. ವಾಲ್ವ್ ಬದಲಿಸಿ, ಹನಿ ಬೀಳುವ ಕಡೆ ಸಣ್ಣ ಪೈಪ್ ಇಳಿಬಿಟ್ಟೆವು. ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿದೆ.

ಕರೆಂಟ್ ಲೆಕ್ಕವೂ ಇದೆ. ನಾವು ನಾಲ್ಕು ಜನ. ದಿನಕ್ಕೆ ನಾಲ್ಕು ಸಲ ಗೀಸರ್ ಪೂರ್ತಿ ಕಾದರೆ ತಿಂಗಳಿಗೆ 78 ಯೂನಿಟ್. ಗೃಹಜ್ಯೋತಿ ನಮಗೂ ಇದೆ, ಬಾಡಿಗೆದಾರರಿಗೂ ಕೊಡುತ್ತಾರೆ. ಆದರೆ ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೆ ಅವ್ವನ ಜಳಕಕ್ಕೆ ಮಾತ್ರ 60 ಡಿಗ್ರಿ ಇಡುತ್ತೇವೆ. ಉಳಿದವರು ಮಧ್ಯಾಹ್ನಕ್ಕೆ ಟ್ಯಾಂಕಿನ ನೀರು ಬೆಚ್ಚಗಾದ ಮೇಲೋ, ಒಬ್ಬರ ಹಿಂದೊಬ್ಬರೋ ಮುಗಿಸುತ್ತೇವೆ.

ಏಪ್ರಿಲ್ ಬಂದಾಗ ಕಥೆ ಉಲ್ಟಾ. ಸಂಜೆ ಐದಕ್ಕೂ ತಣ್ಣೀರಿನ ನಲ್ಲಿಯಲ್ಲಿ ಕೈ ಇಡಲಾಗದಷ್ಟು ಬಿಸಿ. ಆಗ ಗೀಸರ್ ಎಂಸಿಬಿ ಇಳಿಸಿಬಿಡುತ್ತೇನೆ. ಬೆಳಗಿನ ಜಾವ ಟ್ಯಾಂಕಿನ ನೀರು ತಣ್ಣಗಾದಾಗ ಬಿಸಿನೀರಿನ ನಲ್ಲಿ ಬಿಟ್ಟು ಒಂದು ಬಕೆಟ್ ಹಿಡಿದರೆ ಆ ತಂಪು ನೀರು ಗೀಸರ್‌ಗೆ ತುಂಬಿಕೊಳ್ಳುತ್ತದೆ. ಬಿಸಿ ಹೊರಗೆ ಹೋಗದಂತೆ ಸುತ್ತಲೂ ಇರುವ ಫೋಮ್ ಈಗ ಹೊರಗಿನ ಬಿಸಿಯನ್ನು ತಡೆಯುತ್ತದೆ. ಸಂಜೆ ಅವ್ವ ಕೆಂಪು ಗುರುತಿನ ನಲ್ಲಿ ತಿರುಗಿಸಿ, ತಂಪು ನೀರಲ್ಲಿ ಜಳಕ ಮಾಡುತ್ತಾಳೆ.